ಮೀನುಗಳನ್ನು ಬಲ್ಲ ಪಾದ್ರಿ ಶೆಫರ್

ಡ್ಯಾನ್ಯೂಬ್ ನದಿಯ ದಡದಲ್ಲಿ ಗಾಳ ಹಿಡಿದು ಕುಳಿತ ಅಜ್ಜಂದಿರನ್ನು ನಾವೆಲ್ಲ ನೋಡಿದ್ದೇವೆ. ಮೊಟ್ಟೆಯಿಡುವ ಕಾಲದಲ್ಲಿ ಹಲವು ಮೀನುಗಳನ್ನು ಹಿಡಿಯುವಂತಿಲ್ಲ. ಆದ್ದರಿಂದ ಯಾವ ಮೀನು ಯಾವುದೆಂದು ಅವರಿಗೆ ಗೊತ್ತಿರಲೇಬೇಕು.

ಇಲ್ಲಿನ ಮೀನುಗಳನ್ನು ಹಾಗೆ ಗುರುತಿಸಿ ಬರೆದಿಟ್ಟವರು ಯಾಕೋಬ್ ಕ್ರಿಸ್ಟಿಯನ್ ಶೆಫರ್. 1718ರಲ್ಲಿ ಕ್ವೆರ್ಫುರ್ಟ್‌ನಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಮನೆಪಾಠ ಹೇಳಲು ರೇಗನ್ಸ್‌ಬರ್ಗಿಗೆ ಬಂದು, ಇಲ್ಲೇ ಪಾದ್ರಿಯಾದರು. ಚರ್ಚಿನ ಕೆಲಸದ ನಡುವೆಯೇ ಕೀಟ, ಅಣಬೆ, ಮೀನುಗಳನ್ನು ಅಭ್ಯಾಸ ಮಾಡಿದರು. 1761ರಲ್ಲಿ ಇಲ್ಲಿನ ಐದು ಬಗೆಯ ಮೀನುಗಳನ್ನು ಕುರಿತು ಬಣ್ಣದ ಚಿತ್ರಗಳಿರುವ ಲ್ಯಾಟಿನ್ ಪುಸ್ತಕ ಹೊರತಂದರು.

ಕಾಗದ ಮಾಡಲು ಹಳೆಬಟ್ಟೆ ಸಾಲದಿದ್ದ ಆ ಕಾಲದಲ್ಲಿ ಕಣಜದ ಗೂಡು, ಮರದ ಹೊಟ್ಟುಗಳಿಂದಲೂ ಕಾಗದ ಮಾಡಿ ತೋರಿಸಿದರು. ಬಟ್ಟೆ ಒಗೆಯುವ ಯಂತ್ರವನ್ನೂ ರೂಪಿಸಿದರು. 1790ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು.

ಮಕ್ಕಳೇ, ಮುಂದಿನ ಸಲ ನದಿಯ ಬಳಿ ಹೋದಾಗ ನಾವೂ ಸ್ವಲ್ಪ ನಿಂತು ನೋಡೋಣವೇ?