ಗಾಳಿಗೆ ಅಂಕ ಕೊಟ್ಟ ನಾವಿಕ

ಅಭ್ಯಾಸ ಬೋಧನೆಯಲ್ಲಿ ಎಂಟನೆಯ ತರಗತಿಗೆ ಮಾರುತಗಳ ಪಾಠ ನನ್ನ ಪಾಲಿಗೆ ಬಂದಿತ್ತು. ಬ್ಯೂಫೋರ್ಟ್ ಮಾಪಕದ ಚಾರ್ಟ್ ತೂಗುಹಾಕಿ, ಗಾಳಿಯ ವೇಗವನ್ನು ಅವರೇ ಅಳೆದರೆಂದು ಹೇಳಿಬಿಟ್ಟೆ. ಮಕ್ಕಳು ಬರೆದುಕೊಂಡರು, ಒಬ್ಬರೂ ಪ್ರಶ್ನೆ ಕೇಳಲಿಲ್ಲ. ನಾನು ಹೇಳಿದ್ದು ತಪ್ಪೆಂದು ಮಾರ್ಗದರ್ಶಕರು ಆಮೇಲೆ ತಿಳಿಸಿದರು. ಮರುದಿನ ಚಾರ್ಟ್ ಬದಿಗಿಟ್ಟು, ತಪ್ಪನ್ನು ಒಪ್ಪಿಕೊಂಡು, ಆ ಮನುಷ್ಯನ ಬದುಕಿನಿಂದಲೇ ಆರಂಭಿಸಿದೆ.

ಫ್ರಾನ್ಸಿಸ್ ಬ್ಯೂಫೋರ್ಟ್ ಹುಟ್ಟಿದ್ದು 1774ರಲ್ಲಿ, ಐರ್ಲೆಂಡಿನ ನವಾನ್‌ನಲ್ಲಿ. ಹದಿನಾಲ್ಕರ ವಯಸ್ಸಿಗೇ ಶಾಲೆ ಬಿಟ್ಟು ಕಡಲಿಗೆ ಹೊರಟರು. 1789ರಲ್ಲಿ ಅವರಿದ್ದ ಈಸ್ಟ್ ಇಂಡಿಯಾ ಕಂಪನಿಯ ಹಡಗು ಇಂದಿನ ಇಂಡೊನೇಷ್ಯಾದ ಗ್ಯಾಸ್ಪರ್ ಜಲಸಂಧಿಯಲ್ಲಿ ಒಡೆಯಿತು. ಸರಿಯಾದ ನಕ್ಷೆಯ ಬೆಲೆ ಆ ಹುಡುಗನಿಗೆ ಅಂದೇ ತಿಳಿಯಿತು. ಮುಂದೆ ನೌಕಾಪಡೆ ಸೇರಿ, 1800ರ ಕಾಳಗದಲ್ಲಿ ತೀವ್ರವಾಗಿ ಗಾಯಗೊಂಡು ಬದುಕುಳಿದರು.

ಆಗ ಗಾಳಿಯ ವಿವರವನ್ನು ಹಡಗಿನ ದಿನಚರಿಯಲ್ಲಿ ಅವರವರ ಮಾತಿನಲ್ಲಿ ಬರೆಯುತ್ತಿದ್ದರು. ಒಬ್ಬನಿಗೆ ತಂಗಾಳಿಯಾದದ್ದು ಇನ್ನೊಬ್ಬನಿಗೆ ಜೋರುಗಾಳಿ. 1806ರ ಜನವರಿಯಲ್ಲಿ, ವುಲ್ವಿಚ್ ಹಡಗಿನ ಹೊಣೆ ಹೊತ್ತಿದ್ದಾಗ, ಬ್ಯೂಫೋರ್ಟ್ ತಮ್ಮ ದಿನಚರಿಯಲ್ಲಿ ಗಾಳಿಗೆ ಅಂಕಗಳನ್ನು ಗುರುತಿಸಿದರು. ಇಂಥ ಪ್ರಯತ್ನ ಮಾಡಿದವರಲ್ಲಿ ಅವರೇ ಮೊದಲಿಗರಲ್ಲ. ಆದರೆ ಮುಂದೆ ಪ್ರತಿ ಅಂಕಕ್ಕೂ ಅವರು ಹಡಗಿನ ನಡೆಯನ್ನೇ ಸಾಕ್ಷಿಯಾಗಿ ಜೋಡಿಸಿದರು. 0 ಎಂದರೆ ಗಾಳಿಯೇ ಇಲ್ಲ. 4ರಲ್ಲಿ, ಎಲ್ಲ ಹಾಯಿ ಬಿಚ್ಚಿದ ಯುದ್ಧನೌಕೆ ಶಾಂತ ನೀರಿನಲ್ಲಿ 5–6 ನಾಟ್ ವೇಗದಲ್ಲಿ ಸಾಗುತ್ತದೆ. ಅಂಕ ಏರಿದಂತೆ ಹಾಯಿಗಳನ್ನು ಒಂದೊಂದಾಗಿ ಇಳಿಸಬೇಕು. 12ರಲ್ಲಿ ಯಾವ ಹಾಯಿಯೂ ಉಳಿಯದು. ವೇಗಮಾಪಕವಿಲ್ಲ, ಹಡಗೇ ಉಪಕರಣ.

1829ರಲ್ಲಿ, 55ರ ವಯಸ್ಸಿನಲ್ಲಿ, ಅವರು ಬ್ರಿಟಿಷ್ ನೌಕಾಪಡೆಯ ನಕ್ಷಾ ವಿಭಾಗದ ಮುಖ್ಯಸ್ಥರಾದರು. ಡಾರ್ವಿನ್ ಪಯಣಿಸಿದ ಬೀಗಲ್ ಹಡಗು 1831ರಲ್ಲಿ ಈ ಮಾಪಕದೊಂದಿಗೇ ಹೊರಟಿತು. 1838ರಲ್ಲಿ ಇಡೀ ನೌಕಾಪಡೆ ಇದನ್ನು ಒಪ್ಪಿಕೊಂಡಿತು. 1855ರವರೆಗೆ ದುಡಿದ ಬ್ಯೂಫೋರ್ಟ್ 1857ರಲ್ಲಿ ತೀರಿಕೊಂಡರು. ಹೊಗೆ, ಎಲೆ, ಕೊಂಬೆಗಳ ಚಲನೆಯಂಥ ನೆಲದ ಗುರುತುಗಳು ಸೇರಿದ್ದು ಇಪ್ಪತ್ತನೆಯ ಶತಮಾನದಲ್ಲಿ.

ಕಥೆ ಮುಗಿಸಿ ಮಕ್ಕಳನ್ನು ಅಂಗಳದ ಅರಳಿಮರದ ಬಳಿ ಕರೆದೊಯ್ದೆ. ಗಾಳಿಗೆ ಅವರವರಿಗೆ ತೋಚಿದ ಹೆಸರು ಬರೆಯಲು ಹೇಳಿದಾಗ ಹತ್ತಾರು ಹೆಸರು ಬಂದವು. ಚಾರ್ಟ್ ನೋಡಿ ಅಂಕ ಬರೆದಾಗ ಬಹುತೇಕ 2 ಅಥವಾ 3. ಎರಡರಲ್ಲಿ ಯಾವುದು ಸರಿಯೆಂದು ವಾದ ಶುರುವಾಯಿತು. ಎಲ್ಲರೂ ಎಲೆಗಳನ್ನೇ ದಿಟ್ಟಿಸತೊಡಗಿದರು. ಗಂಟೆ ಬಾರಿಸಿದರೂ ವಾದ ನಿಲ್ಲಲಿಲ್ಲ. ಹಿಂದಿನ ದಿನ ಅದೇ ಚಾರ್ಟ್ ಗೋಡೆಯ ಮೇಲಿತ್ತು. ಅದು ಏಕೆ ಬೇಕಾಯಿತೆಂಬುದನ್ನು ಮಾತ್ರ ನಾನು ಹೇಳಿರಲಿಲ್ಲ.