ರಾಬರ್ಟ್ ಬ್ರೂಸ್ ಫುಟ್

1863ನೆಯ ಇಸವಿಯ ಮೇ 30ರಂದು, ಮದರಾಸಿನ ಸಮೀಪದ ಪಲ್ಲಾವರದಲ್ಲಿ ಜಲ್ಲಿಗಾಗಿ ತೋಡಿದ್ದ ಗುಂಡಿಯೊಂದರ ಬಳಿ ಬಿದ್ದಿದ್ದ ಕಲ್ಲು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಅವರ ಗಮನವನ್ನು ಸೆಳೆಯಿತು. ಯಾರೋ ಬೇಕೆಂದೇ ಚಕ್ಕೆಯೆಬ್ಬಿಸಿ ಅದರ ಅಂಚನ್ನು ಹರಿತಗೊಳಿಸಿದ್ದರು. ಹಳೆಯ ಶಿಲಾಯುಗದ ಮಾನವನು ಭಾರತದಲ್ಲಿಯೂ ಬಾಳಿದ್ದನೆಂಬ ಅರಿವಿಗೆ ಆ ಕಲ್ಲೇ ನಾಂದಿಯಾಯಿತು.

1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಜನಿಸಿದ ಫುಟ್ ಅವರು 1858ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯನ್ನು ಸೇರಿದರು. ಬಂಡೆಗಳ ಪರಿಶೀಲನೆ ಅವರ ವೃತ್ತಿ. ಧಾರವಾಡ ಶಿಲಾವರ್ಗಕ್ಕೆ ಆ ಹೆಸರನ್ನಿತ್ತವರೂ ಅವರೇ. ಶಿಲಾಯುಧಗಳ ಅನ್ವೇಷಣೆಯಾದರೋ ವೃತ್ತಿಯ ನಡುವೆ ಬೆಳೆದ ಹಂಬಲ.

ಬಳ್ಳಾರಿಯ ಸೀಮೆಯಲ್ಲಿ ದೊಡ್ಡ ಬೂದಿದಿಬ್ಬಗಳಿವೆ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತಾಭಸ್ಮವೆಂದು ನಂಬುತ್ತ ಬಂದಿದ್ದಾರೆ. ಕಥೆಯೇನೋ ಸೊಗಸಾದುದೇ. ಆದರೆ ಫುಟ್ ಅವರು ಕುಡತಿನಿ ಮೊದಲಾದೆಡೆಗಳ ದಿಬ್ಬಗಳನ್ನು ಪರೀಕ್ಷಿಸಿ, ಅವು ಸುಟ್ಟ ಸಗಣಿಯ ರಾಶಿಗಳೆಂದೂ ನಯಗೊಳಿಸಿದ ಕಲ್ಲುಕೊಡಲಿಗಳನ್ನು ಬಳಸುತ್ತಿದ್ದ ಪಶುಪಾಲಕರ ಕಾಲದವೆಂದೂ ನಿರ್ಧರಿಸಿದರು. ಈ ಮಾತು ಎಲ್ಲರಿಗೂ ಒಪ್ಪಿಗೆಯಾಗಲು ಬಹುಕಾಲ ಹಿಡಿಯಿತು. 1957ರಲ್ಲಿ ಉಟ್ನೂರಿನ ದಿಬ್ಬವನ್ನು ರೇಮಂಡ್ ಆಲ್ಚಿನ್ ಅವರು ಅಗೆಸಿದಾಗ ಬೂದಿಯ ಪದರಗಳಲ್ಲಿ ದನಗಳ ಗೊರಸಿನ ಗುರುತುಗಳೇ ಕಂಡುಬಂದವು!

ಆ ಕೊಡಲಿಗಳು ಏನನ್ನು ಕಡಿದಿದ್ದವು? ಆಕಾರದಿಂದ ಊಹಿಸುವುದಲ್ಲದೆ ಫುಟ್ ಅವರಿಗೆ ಬೇರೆ ಉಪಾಯವಿರಲಿಲ್ಲ. ಇಂದು ಕಲ್ಲಿನ ಸೂಕ್ಷ್ಮ ಬಿರುಕುಗಳಲ್ಲಿ ಉಳಿದಿರಬಹುದಾದ ರಕ್ತದ ಪ್ರೋಟೀನನ್ನು ಬಿಡಿಸಿ ತೆಗೆದು, ಅದು ಯಾವ ಪ್ರಾಣಿವರ್ಗದ್ದೆಂದು ಪ್ರತಿಕಾಯಗಳ ನೆರವಿನಿಂದ ಗುರುತಿಸಲು ವಿಜ್ಞಾನಿಗಳು ಪ್ರಯತ್ನಿಸುತ್ತಾರೆ. ಇದಕ್ಕಾಗಿ ದೊರೆತ ಕಲ್ಲನ್ನು ತೊಳೆಯದೆ ಇಡಬೇಕು. ಆದರೂ ಬಿಸಿಲು ಮಳೆಗಳ ನಾಡಿನ ಮಣ್ಣಿನಲ್ಲಿ ಪ್ರೋಟೀನು ಬೇಗನೆ ನಶಿಸುತ್ತದೆ; ಅಗೆದವರ ಕೈಬೆವರೂ ಕಲ್ಲಿಗಂಟಿ ಸುಳ್ಳುಸಾಕ್ಷಿ ನುಡಿಯಬಲ್ಲದು. ಆದುದರಿಂದ ಕಲ್ಲು ಎಲ್ಲಿ, ಯಾವ ಪದರದಲ್ಲಿ, ಯಾವುದರ ಜೊತೆಯಲ್ಲಿ ದೊರೆಯಿತೆಂಬ ಹಳೆಯ ಪ್ರಶ್ನೆಯನ್ನು ಪ್ರಯೋಗಾಲಯವೂ ಮೊದಲು ಕೇಳಬೇಕಾಗುತ್ತದೆ.

1891ರಲ್ಲಿ ಫುಟ್ ಅವರು ನಿವೃತ್ತರಾದರು. ಆದರೆ ಸುಮ್ಮನೆ ಕುಳಿತುಕೊಳ್ಳಲಿಲ್ಲ. 1894ರಲ್ಲಿ ಮೈಸೂರು ಸಂಸ್ಥಾನವು ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. ನಾಲ್ಕು ದಶಕಗಳ ತಿರುಗಾಟದಲ್ಲಿ ಕೂಡಿಸಿದ ಆಯುಧಗಳೂ ಮಡಕೆಚೂರುಗಳೂ 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಸೇರಿದವು. 1912ರ ಡಿಸೆಂಬರ್ 29ರಂದು ಅವರು ತೀರಿಕೊಂಡರು. ಆ ಸಂಗ್ರಹದ ವಸ್ತುಗಳು ದೊರೆತ ಊರುಗಳನ್ನೂ ಅವುಗಳ ಕಾಲವನ್ನೂ ವಿವರಿಸುವ ಅವರ ಗ್ರಂಥವು 1916ರಲ್ಲಿ ಅಚ್ಚಾಗಿ ಹೊರಬಂದಿತು.