ಕಲ್ಯಾಣದ ಕವಲು ಕಂಡ ಕಥೆಗಾರ: ಜೂಲ್ಸ್ ವರ್ನ್

ನಮ್ಮ ಆಕುರ್ಡಿ ಸ್ಟೇಷನ್ನಿನ ಮೇಲೆ ಹಾದುಹೋಗುವ ರೈಲುದಾರಿಯು ಒಂದು ಪ್ರಸಿದ್ಧ ಫ್ರೆಂಚ್ ಕಾದಂಬರಿಯಲ್ಲಿ ಬರುತ್ತದೆಂದರೆ ನಿಗಡಿಯ ಬಂಧುಗಳು ನಗಬಹುದು. ಆದರೆ ಮಾತು ನಿಜ. 1872ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ‘ಎಂಬತ್ತು ದಿನಗಳಲ್ಲಿ ಭೂಪ್ರದಕ್ಷಿಣೆ’ಯ ನಾಯಕ ಫಿಲಿಯಾಸ್ ಫಾಗ್ ಮುಂಬಯಿಯಲ್ಲಿ ರೈಲು ಹತ್ತುತ್ತಾನೆ. ಕಲ್ಯಾಣ ಬಂದಾಗ, ಇಲ್ಲಿಂದ ಒಂದು ಕವಲು ಖಂಡಾಲಾ, ಪುಣೆಗಳ ಕಡೆಗೆ ಇಳಿಯುತ್ತದೆಂದು ತಿಳಿಸಿ ಲೇಖಕನು ಮುಂದೆ ಸಾಗುತ್ತಾನೆ. ಫಾಗ್ ನಮ್ಮ ಕಡೆ ಹೊರಳಲಿಲ್ಲ. ಅವನಿಗೆ ಕಲಕತ್ತೆಯ ಅವಸರ. ಬರೆದ ಜೂಲ್ಸ್ ವರ್ನನಾದರೋ ಹಿಂದುಸ್ಥಾನವನ್ನು ಕಣ್ಣಿನಿಂದ ಕಂಡವನೇ ಅಲ್ಲ. ನಕಾಶೆಗಳನ್ನೂ ಪ್ರವಾಸದ ಗ್ರಂಥಗಳನ್ನೂ ಮುಂದಿಟ್ಟುಕೊಂಡು ಬರೆದನು.

ಈತನು 1828ರ ಫೆಬ್ರವರಿ 8ರಂದು ಫ್ರಾನ್ಸಿನ ನಾಂತ್ ಎಂಬ ಬಂದರು ಪಟ್ಟಣದಲ್ಲಿ ಹುಟ್ಟಿದನು. ತಂದೆ ವಕೀಲ, ಮಗನೂ ವಕೀಲನಾಗಬೇಕೆಂಬುದು ಅವನ ಹಟ. ಮಗನು ಪ್ಯಾರಿಸ್ಸಿಗೆ ಹೋಗಿ ಕಾಯಿದೆಯನ್ನು ಓದಿದನೇನೋ ಹೌದು, ಆದರೆ ಮನಸ್ಸೆಲ್ಲ ನಾಟಕದ ಮೇಲೆ. ನಾಟಕ ಹೊಟ್ಟೆ ತುಂಬಿಸಲಿಲ್ಲ. 1857ರಲ್ಲಿ ಮದುವೆಯಾದ ಮೇಲೆ ಸಂಸಾರದ ಭಾರ ಹೆಗಲಿಗೆ ಬಿದ್ದು, ಪ್ಯಾರಿಸ್ಸಿನ ಷೇರುಪೇಟೆಯಲ್ಲಿ ದಲಾಲಿಯ ಕೆಲಸಕ್ಕೆ ಸೇರಿದನು. ನಸುಕಿನ ಐದು ಗಂಟೆಗೆ ಎದ್ದು ಬರೆಯುವುದು, ಆಮೇಲೆ ಪೇಟೆಗೆ ಹೋಗುವುದು. ದಿನವಿಡೀ ಲೆಡ್ಜರು ನೋಡಿ ಮನೆಗೆ ಬರುವ ನನ್ನಂಥ ಗುಮಾಸ್ತನಿಗೆ ಆತನ ಜೀವನದಲ್ಲಿ ಬಹಳ ಪ್ರಿಯವಾದ ಭಾಗವೇ ಇದು.

1863ರಲ್ಲಿ ಹೆಟ್ಜೆಲ್ ಎಂಬ ಪ್ರಕಾಶಕನು ಆತನ ‘ಬಲೂನಿನಲ್ಲಿ ಐದು ವಾರ’ವನ್ನು ಅಚ್ಚುಹಾಕಿಸಿದನು. ಪುಸ್ತಕ ಗೆದ್ದಿತು, ಷೇರುಪೇಟೆ ಬಿಟ್ಟಿತು. ಮುಂದೆ ಬಾಳೆಲ್ಲ ಒಂದೇ ಕಾಯಕ: ಐವತ್ತಕ್ಕೂ ಹೆಚ್ಚು ಕಾದಂಬರಿಗಳು.

ಅದೇ ವರ್ಷದ ಸುಮಾರಿಗೆ ಇನ್ನೊಂದು ಕಥೆಯನ್ನೂ ಬರೆದು ಕೊಟ್ಟಿದ್ದನು. 1960ರ ಪ್ಯಾರಿಸ್, ಎಲ್ಲೆಡೆ ಯಂತ್ರ, ಎಲ್ಲೆಡೆ ಹಣ, ಕವಿತೆ ಯಾರಿಗೂ ಬೇಡ. ಪಾಪ, ಕವಿಯಾದ ಹುಡುಗನನ್ನು ಬಂಧುಗಳು ಒಂದು ಬ್ಯಾಂಕಿಗೆ ಸೇರಿಸುತ್ತಾರೆ. ಅಲ್ಲಿ ಆತನು ಲೆಕ್ಕದ ಯಂತ್ರದ ಮುಂದೆ ಸೋಲುತ್ತಾನೆ. ಇಂಥದನ್ನು ಯಾರೂ ನಂಬರೆಂದು ಹೆಟ್ಜೆಲ್ ಹಸ್ತಪ್ರತಿಯನ್ನು ಹಿಂದಿರುಗಿಸಿದನು. ಅದು ಮರಿಮಗನ ಕಾಲಕ್ಕೆ ಹಳೆಯ ತಿಜೋರಿಯಲ್ಲಿ ಸಿಕ್ಕಿ 1994ರಲ್ಲಿ ಅಚ್ಚಾಯಿತು.

ವೈಜ್ಞಾನಿಕ ಕಥೆಯೆಂದರೆ ಹೇಗಿರಬೇಕೆಂಬುದರಲ್ಲಿ ವರ್ನನಿಗೆ ಖಚಿತವಾದ ಅಭಿಪ್ರಾಯವಿತ್ತು. ಕಲ್ಪನೆ ಎಷ್ಟು ದೂರವಾದರೂ ಹೋಗಲಿ, ತಿಳಿದ ವಿಜ್ಞಾನದ ನೆಲದಿಂದಲೇ ಹೊರಡಬೇಕು. ಚಂದ್ರಲೋಕಕ್ಕೆ ಮನುಷ್ಯರನ್ನು ಕಳಿಸುವಾಗ 900 ಅಡಿ ಉದ್ದದ ಫಿರಂಗಿ, 4 ಲಕ್ಷ ಪೌಂಡು ಸಿಡಿಹತ್ತಿ ಎಂದು ಲೆಕ್ಕ ಕೊಟ್ಟನು. ಇಂಗ್ಲೆಂಡಿನ ಎಚ್. ಜಿ. ವೆಲ್ಸನು 1901ರಲ್ಲಿ ಗುರುತ್ವವನ್ನೇ ತಡೆಯುವ ವಸ್ತುವೊಂದನ್ನು ಕಲ್ಪಿಸಿ ತನ್ನವರನ್ನು ಚಂದ್ರನಿಗೆ ಒಯ್ದಾಗ, ಮುದುಕ ವರ್ನನು ಆತನ ಪ್ರತಿಭೆಯನ್ನು ಮೆಚ್ಚಿದರೂ ಆ ವಸ್ತುವನ್ನು ಒಪ್ಪಲಿಲ್ಲ. ತಾನು ಭೌತಶಾಸ್ತ್ರವನ್ನು ಬಳಸುತ್ತೇನೆ, ಅವನು ಹೊಸದಾಗಿ ಕಟ್ಟುತ್ತಾನೆ ಎಂಬುದು ಆತನ ಆಕ್ಷೇಪದ ಸಾರ. ನಿಜ ಹೇಳಬೇಕೆಂದರೆ ವರ್ನನ ಫಿರಂಗಿಯಲ್ಲಿ ಕುಳಿತವರು ಹಾರಿಸಿದ ಕ್ಷಣವೇ ಜಜ್ಜಿಹೋಗುತ್ತಿದ್ದರು. ಆದರೂ ಅಂಕೆ ಕೊಟ್ಟವನ ತಪ್ಪನ್ನು ನಾವು ಕಂಡುಹಿಡಿಯಬಹುದಲ್ಲವೆ? ಲೆಕ್ಕ ತೋರಿಸದವನನ್ನು ತಪಾಸಣೆ ಮಾಡುವುದಾದರೂ ಹೇಗೆ?

ಇನ್ನು ಕನ್ನಡಿಗರು ತಿಳಿಯಬೇಕಾದ ಸಂಗತಿ. ‘ಕಡಲಡಿಯಲ್ಲಿ ಇಪ್ಪತ್ತು ಸಾವಿರ ಲೀಗುಗಳು’ 1869–70ರಲ್ಲಿ ಬಂದಿತು. ಅದರಲ್ಲಿ ನಾಟಿಲಸ್ ಎಂಬ ಜಲಾಂತರ್ನೌಕೆಯ ಒಡೆಯ ನೆಮೋ ಯಾವ ದೇಶದವನೆಂದು ತಿಳಿಯುವುದಿಲ್ಲ. ರಷ್ಯನ್ನರಿಂದ ಮನೆಮಂದಿಯನ್ನು ಕಳೆದುಕೊಂಡ ಪೋಲೆಂಡಿನವನನ್ನಾಗಿ ಮಾಡಬೇಕೆಂದು ವರ್ನನ ಮನಸ್ಸು. ರಷ್ಯಾದಲ್ಲಿ ಪುಸ್ತಕದ ಮಾರಾಟ ನಿಂತೀತೆಂದು ಪ್ರಕಾಶಕನ ಭಯ. ಗುಲಾಮರ ವ್ಯಾಪಾರದ ವೈರಿಯಾಗಿ ಮಾಡೆಂದು ಅವನ ಸಲಹೆ. ವರ್ನನು ಅದಕ್ಕೆ ಬಗ್ಗಲಿಲ್ಲ. ಹೆಸರೇ ಇಲ್ಲದವನನ್ನಾಗಿ ಬಿಟ್ಟನೇ ಹೊರತು ಸುಳ್ಳು ಕುಲ ಕೊಡಲಿಲ್ಲ. 1875ರ ‘ರಹಸ್ಯ ದ್ವೀಪ’ದಲ್ಲಿ ಗುಟ್ಟು ರಟ್ಟಾಗುತ್ತದೆ: ನೆಮೋ ಬುಂದೇಲಖಂಡದ ರಾಜಕುಮಾರ ಡಕ್ಕರ್, 1857ರಲ್ಲಿ ಇಂಗ್ಲಿಷರೊಡನೆ ಕಾದಿ ಹೆಂಡತಿ ಮಕ್ಕಳನ್ನು ಕಳೆದುಕೊಂಡವನು, ಅದೂ ನಮ್ಮ ಮೈಸೂರಿನ ಟಿಪ್ಪು ಸುಲ್ತಾನನ ಸೋದರ ಸಂಬಂಧದವನು! ಟಿಪ್ಪು 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಡಿದನು. ಡಕ್ಕರ್ ಹುಟ್ಟಿದ್ದು ಅದಾಗಿ ಸುಮಾರು ಇಪ್ಪತ್ತು ವರ್ಷಕ್ಕೆ. ಬುಂದೇಲಖಂಡಕ್ಕೂ ಮೈಸೂರಿಗೂ ಈ ನಂಟು ಎಲ್ಲಿಂದ ಬಂತೋ, ಲೆಕ್ಕ ಸರಿಯಾಗಿ ಕೂಡುವುದಿಲ್ಲ. ಆದರೂ ಶ್ರೀರಂಗಪಟ್ಟಣದ ಹೆಸರು ಆ ಕಾಲದ ಫ್ರೆಂಚ್ ಹುಡುಗರವರೆಗೆ ಮುಟ್ಟಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಕೊನೆಯ ದಿನಗಳು ಸುಖದವಲ್ಲ. 1886ರಲ್ಲಿ ಬುದ್ಧಿಭ್ರಮಣೆಯಾಗಿದ್ದ ಅಣ್ಣನ ಅಥವಾ ತಮ್ಮನ ಮಗನಲ್ಲೊಬ್ಬನು ಪಿಸ್ತೂಲಿನಿಂದ ಹೊಡೆದು, ವರ್ನನು ಸಾಯುವವರೆಗೆ ಕುಂಟಿದನು. 1888ರಿಂದ ಆಮಿಯಾ ಪಟ್ಟಣದ ಪೌರಸಭೆಯ ಸದಸ್ಯನಾಗಿ ದುಡಿದನು. ಲೋಕವೆಲ್ಲ ಓದಿದರೂ ಫ್ರೆಂಚ್ ಸಾಹಿತ್ಯದಲ್ಲಿ ತನಗೆ ಸ್ಥಾನ ಸಿಗಲಿಲ್ಲವೆಂಬ ಕೊರಗು ಅವನನ್ನು ಬಿಡಲಿಲ್ಲ. ಅಲ್ಲಿಯ ಅಕಾಡೆಮಿ ಅವನನ್ನು ಕರೆಯಲೇ ಇಲ್ಲ. 1905ರ ಮಾರ್ಚ್ 24ರಂದು ಆಮಿಯಾದಲ್ಲಿ ತೀರಿಕೊಂಡನು.

ಮರಾಠಿಯಲ್ಲಿ ಭಾ. ರಾ. ಭಾಗವತರು ವರ್ನನನ್ನು ಮಕ್ಕಳಿಗೆ ತಂದುಕೊಟ್ಟಿದ್ದಾರೆ. ಶಾಲೆಯಲ್ಲಿ ಮರಾಠಿ ಓದುವ ನಮ್ಮ ಮಕ್ಕಳು ಅದನ್ನು ಓದಿ, ರಾತ್ರಿ ಊಟದ ಹೊತ್ತಿಗೆ ಅಜ್ಜಿಗೆ ಕನ್ನಡದಲ್ಲಿ ಹೇಳಲಿ. ಕಲ್ಯಾಣದ ಕವಲು ಬಂದಾಗ ಸ್ವಲ್ಪ ನಿಲ್ಲಿಸಿ, ಈ ದಾರಿ ನಮ್ಮೂರಿಗೆ ಬರುತ್ತದೆ ಅಜ್ಜಿ, ಎಂದು ಹೇಳುವುದನ್ನು ಮರೆಯದಿರಲಿ.